ಆರು ರನ್ನುಗಳು

ಮೂವತ್ತು ವರ್ಷ ಕಾಲ ಹುಡುಗರಿಗೆ ಕನ್ನಡ ವ್ಯಾಕರಣವನ್ನು ಕಲಿಸಿದ ನನಗೆ ಕ್ರಿಕೆಟ್ಟೆಂಬ ಆಟದಲ್ಲಿ ಆಸಕ್ತಿಯಿರಲಿಲ್ಲವೆಂದರೆ ಅದು ಪೂರ್ಣಸತ್ಯವಾಗದು; ತಿರಸ್ಕಾರವೇ ಇದ್ದಿತು. ದಿನಗಟ್ಟಲೆ ಬಿಸಿಲಿನಲ್ಲಿ ನಿಂತು, ಕೊನೆಗೆ ಯಾರೂ ಗೆಲ್ಲದೆ ಕೈಕುಲುಕಿ ಮನೆಗೆ ಹೋಗುವ ಆಟವನ್ನು ಕುರಿತು ಬುದ್ಧಿವಂತರು ಮಾತನಾಡುವುದೇಕೆಂದು ತರಗತಿಯಲ್ಲಿಯೇ ಹಾಸ್ಯ ಮಾಡಿದ್ದುಂಟು. ಹುಡುಗರು ನಗಲಿಲ್ಲ. ಅರಸೀಕೆರೆಯ ಹುಡುಗರ ಮುಂದೆ ಆಡಬಾರದ ಮಾತದು.

ನನ್ನಾಕೆಯ ತವರು ಜಾವಗಲ್. ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ಬಸ್ಸಿನಲ್ಲಿ ಕುಳಿತವರು ಆ ಊರನ್ನು ಕಂಡೇ ಇರುವರು. ಹೊಯ್ಸಳರ ಕಾಲದ ನರಸಿಂಹ ದೇವಾಲಯವಿರುವ ಆ ಊರು ಲೋಕಕ್ಕೆ ತಿಳಿದದ್ದು ದೇವಾಲಯದಿಂದಲ್ಲ, ಶ್ರೀನಾಥನೆಂಬ ಬೌಲರಿನ ಹೆಸರಿನಿಂದ. ಆತ ಹುಟ್ಟಿದ್ದು ಮೈಸೂರಿನಲ್ಲಿ. ಆದರೆ ಈ ಮಾತನ್ನು ನನ್ನಾಕೆಯ ಎದುರಿಗೆ ಹೇಳುವ ಧೈರ್ಯ ನನಗೆ ಬಂದಿಲ್ಲ. ಇದಕ್ಕೆ ಪ್ರತಿಯಾಗಿ ನಾನು ಡೇವಿಡ್ ಜಾನ್ಸನ್ನನನ್ನು ಮುಂದಿಡುತ್ತಿದ್ದೆನು. ಆತ ಹುಟ್ಟಿದ್ದು ನಮ್ಮ ಅರಸೀಕೆರೆಯಲ್ಲಿಯೇ. ೧೯೯೬ರ ಅಕ್ಟೋಬರಿನಲ್ಲಿ ಶ್ರೀನಾಥ ಪೆಟ್ಟು ಮಾಡಿಕೊಂಡು, ದೆಹಲಿಯ ಟೆಸ್ಟಿನಲ್ಲಿ ಅವನ ಸ್ಥಾನ ಜಾನ್ಸನ್ನನಿಗೆ ದೊರೆತಾಗ ನಮ್ಮ ಮನೆಯಲ್ಲಿ ಎರಡು ದಿನ ಸಾರಿಗೆ ಉಪ್ಪು ಬೀಳಲಿಲ್ಲ. ಡಿಸೆಂಬರಿನಲ್ಲಿ ಡರ್ಬನ್ನಿನಲ್ಲಿ ಇಬ್ಬರೂ ಜೊತೆಯಾಗಿ ಆಡಿದ ಮೇಲೆಯೇ ಸಂಧಿಯಾಯಿತು. ೨೦೨೪ರಲ್ಲಿ ಜಾನ್ಸನ್ ತೀರಿಕೊಂಡ ಸುದ್ದಿ ಬಂದ ದಿನ ನನಗಿಂತ ಹೆಚ್ಚಾಗಿ ಮಂಕಾದವಳು ಅವಳೇ.

ಅವಳ ಈ ಪ್ರೀತಿ ಶ್ರೀನಾಥನಿಗಿಂತ ಹಳೆಯದು. ನಮ್ಮ ರಾಜ್ಯದ ತಂಡವು ಮೈಸೂರೆಂಬ ಹೆಸರನ್ನು ಬಿಟ್ಟು ಕರ್ನಾಟಕವೆಂಬ ಹೆಸರಿನಿಂದ ಆಡಿದ ಮೊದಲ ವರ್ಷ, ೧೯೭೪ರಲ್ಲಿ, ಅವಳು ಹನ್ನೆರಡು ವರ್ಷದ ಹುಡುಗಿ. ಅದಕ್ಕೆ ಹಿಂದೆ ಹದಿನೈದು ವರ್ಷ ಎಡೆಬಿಡದೆ ರಣಜಿ ಟ್ರೋಫಿಯನ್ನು ಗೆದ್ದಿದ್ದ ಬೊಂಬಾಯಿ ತಂಡ ಬೆಂಗಳೂರಿನ ಸೆಮಿಫೈನಲಿನಲ್ಲಿ ಸೋತದ್ದನ್ನು ಅವಳು ತಂದೆಯ ರೇಡಿಯೊ ಪಕ್ಕದಲ್ಲಿ ಕುಳಿತು ಕೇಳಿದ್ದಳು. ವಿಶ್ವನಾಥನದು ೧೬೨, ಬ್ರಿಜೇಶ್ ಪಟೇಲನದು ೧೦೬, ತಂಡದ ಮೊತ್ತ ೩೮೫, ಬೊಂಬಾಯಿಯದು ೩೦೭. ಈ ಅಂಕಿಗಳನ್ನು ಅವಳು ಮಗ್ಗಿಯಂತೆ ಒಪ್ಪಿಸುವಳು. ಆ ಪಂದ್ಯವೂ ಪೂರ್ತಿ ಮುಗಿಯಲಿಲ್ಲವಂತೆ. ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದಲೇ ನಮ್ಮವರು ಮುಂದೆ ಹೋದರಂತೆ. "ಮುಗಿಯದಿದ್ದರೂ ಗೆಲ್ಲಬಹುದು, ಸೋಲದೆ ನಿಂತರೂ ಅಂಕ ಉಂಟು. ನಿಮ್ಮ ವ್ಯಾಕರಣದಲ್ಲಿ ಇದಕ್ಕೆ ಸೂತ್ರವಿದೆಯೇ?" ಎಂದು ಕೇಳುವಳು. ಇಲ್ಲವೆಂದು ಒಪ್ಪಿಕೊಳ್ಳದೆ ಗತಿಯಿಲ್ಲ.

೨೦೦೯ರ ಆಗಸ್ಟಿನಲ್ಲಿ, ಪುಸ್ತಕಗಳಲ್ಲಿ ಅರ್ಬುದವೆಂದು ಬರೆಯುವ, ಊರಿನಲ್ಲಿ ಹೆಸರನ್ನೇ ಹೇಳದ ರೋಗವು ಅವಳ ಎಡ ಸ್ತನದಲ್ಲಿ ಇದೆಯೆಂದು ತಿಳಿಯಿತು. ಮೊದಲು ಔಷಧದಿಂದ ಗಡ್ಡೆಯನ್ನು ಕುಗ್ಗಿಸಿ ಆಮೇಲೆ ಶಸ್ತ್ರಕ್ರಿಯೆ ಮಾಡುವುದೆಂದು ಬೆಂಗಳೂರಿನ ವೈದ್ಯರು ನಿಶ್ಚಯಿಸಿದರು. ಇಪ್ಪತ್ತೊಂದು ದಿನಕ್ಕೊಮ್ಮೆ ಕಿಮೋ. ಬೆಳಗಿನ ಜಾವದಲ್ಲಿ ಅರಸೀಕೆರೆ ಜಂಕ್ಷನ್ನಿನ ಬೆಂಚಿನ ಮೇಲೆ ಶಾಲು ಹೊದ್ದು ಕುಳಿತಿರುವುದು, ಸಂಜೆಯ ಗಾಡಿಗೆ ಹಿಂತಿರುಗುವುದು, ಆಮೇಲೆ ಐದಾರು ದಿನ ಅನ್ನದ ವಾಸನೆಯೂ ಅವಳಿಗೆ ಸೇರದಿರುವುದು. ಎರಡನೆಯ ಸಲದ ಹೊತ್ತಿಗೆ ತಲೆಗೂದಲೆಲ್ಲ ಹೋಯಿತು.

ನಾನು ಹೇಳಬೇಕೆಂದಿರುವುದು ಈ ಕಷ್ಟವನ್ನಲ್ಲ. ಇದನ್ನು ಅನೇಕರು ಕಂಡಿರುವರು. ಹೇಳಬೇಕಾದುದು ನಮ್ಮ ಮನೆಯಲ್ಲಿ ಮಾತು ನಿಂತುಹೋದುದನ್ನು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ನಮ್ಮಿಬ್ಬರ ನಡುವೆ ಉಳಿದದ್ದು ಮೂರೇ ವಾಕ್ಯಗಳು: ಮಾತ್ರೆ ತೆಗೆದುಕೊಂಡೆಯಾ, ಜ್ವರ ನೋಡಿದೆಯಾ, ಸ್ವಲ್ಪ ಮಲಗು. ಮೂರನ್ನೂ ಆಡುತ್ತಿದ್ದವನು ನಾನೇ. ನಾಳೆಯೆಂಬ ಪದ ಬಾಯಿಗೆ ಬಂದರೆ ಇಬ್ಬರೂ ಅದನ್ನು ನುಂಗುತ್ತಿದ್ದೆವು.

ನವೆಂಬರಿನಲ್ಲಿ ರಣಜಿ ಪಂದ್ಯಗಳು ಮೊದಲಾದುವು. ಕಣ್ಣು ಮಂಜಾಗುತ್ತದೆಂದು ಅವಳು ಪತ್ರಿಕೆಯ ಆಟದ ಪುಟವನ್ನು ನನ್ನ ಕೈಗೆ ಕೊಟ್ಟು, "ಗಟ್ಟಿಯಾಗಿ ಓದಿರಿ" ಎಂದಳು. ಓದಿದೆನು. ಯಾರೋ ಒಬ್ಬನು ಸ್ಲಿಪ್ಪಿನಲ್ಲಿ ಸಿಕ್ಕಿಬಿದ್ದನೆಂದು ಓದಿ, ಪಾಪ, ಮೈದಾನ ಒದ್ದೆಯಾಗಿದ್ದಿರಬೇಕು ಎಂದೆನು. ಅವಳು ನಕ್ಕಳು. ನಗುತ್ತ ನಗುತ್ತ ಕೆಮ್ಮು ಬಂದು, ನೀರು ಕುಡಿಸಬೇಕಾಯಿತು. ಆಗಸ್ಟಿನಿಂದೀಚೆಗೆ ನಾನು ಕೇಳಿದ ಮೊದಲ ನಗೆ ಅದು. ಅಂದಿನಿಂದ ಬೆಳಗಿನ ಕಾಫಿಯ ಜೊತೆಗೆ ಪಾಠ ನಡೆಯಿತು; ಮೇಷ್ಟರು ಅವಳು, ದಡ್ಡ ವಿದ್ಯಾರ್ಥಿ ನಾನು. ಸಂಜೆ ಆಟ ನಿಂತಾಗ ಇಷ್ಟು ರನ್ನು, ಇಷ್ಟು ವಿಕೆಟ್ಟು, ನಾಳೆ ಏನಾಗುವುದೋ? ಈ ಪ್ರಶ್ನೆಯನ್ನು ನಾವು ಹೆದರದೆ ಕೇಳುತ್ತಿದ್ದೆವು. ನಾಳೆಯೆಂಬ ಪದ ಹಾಗೆ ಹಿಂಬಾಗಿಲಿನಿಂದ ಮನೆಯೊಳಗೆ ಬಂದಿತು.

ಡಿಸೆಂಬರಿನಲ್ಲಿ ತುಸು ಚೇತರಿಸಿಕೊಂಡಾಗ, ಬೇಲೂರು ಹಳೇಬೀಡುಗಳನ್ನು ನೋಡಬೇಕೆಂದಳು. ಅದೆಷ್ಟೋ ಸಲ ನೋಡಿದ್ದವೇ. ಏಕೆ ಈಗ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬೇಲೂರಿನಲ್ಲಿ, ತಲೆಗೆ ಕಟ್ಟಿದ ಬಟ್ಟೆಯನ್ನು ನೋಡಿ ಹೆಂಗಸೊಬ್ಬಳು ತಿರುಪತಿಯ ಮುಡಿಯೇ ಎಂದು ಕೇಳಿದಳು. ಹೌದೆಂದು ತಲೆಯಾಡಿಸಿ ಅವಳು ಮುಂದೆ ನಡೆದಳು. ಹಳೇಬೀಡಿನಲ್ಲಿ ಜಗತಿಯನ್ನು ಸುತ್ತುವ ಶಕ್ತಿ ಉಳಿದಿರಲಿಲ್ಲ. ಶಿಖರವಿಲ್ಲದ ಆ ಗುಡಿಯ ಮೆಟ್ಟಿಲಿನ ಮೇಲೆ ಸ್ವಲ್ಪ ಹೊತ್ತು ಕುಳಿತು, ಕೆರೆಯ ಕಡೆಗೆ ಬಂದೆವು. ಬಯಲಿನಲ್ಲಿ ಹುಡುಗರು ಆಡುತ್ತಿದ್ದರು. ಚೆಂಡು ಉರುಳುತ್ತ ಅವಳ ಕಾಲಬಳಿಗೆ ಬಂದಿತು. ಬಗ್ಗಿ ತೆಗೆದುಕೊಂಡು, ಅದನ್ನು ಎಸೆಯದೆ, ಚೆಂಡು ಹಾಕುತ್ತಿದ್ದ ಹುಡುಗನನ್ನು ಹತ್ತಿರಕ್ಕೆ ಕರೆದು, ಕೈ ಕಿವಿಯ ಪಕ್ಕದಲ್ಲಿ ನೇರವಾಗಿ ಬರಬೇಕೆಂದು ತೋರಿಸಿಕೊಟ್ಟಳು. ಆ ಹುಡುಗ ಒಮ್ಮೆ ಅವಳನ್ನೂ ಒಮ್ಮೆ ನನ್ನನ್ನೂ ನೋಡಿ, "ಆಗಲಮ್ಮ" ಎಂದು ಓಡಿದನು.

ಜನವರಿಯ ಮೊದಲ ವಾರ ಶಸ್ತ್ರಕ್ರಿಯೆಯಾಯಿತು. ಅತ್ತ ಕರ್ನಾಟಕ ತಂಡ ಫೈನಲಿಗೆ ಬಂದಿತ್ತು. ಎದುರಾಳಿ ಅದೇ ಹಳೆಯ ಮುಂಬಯಿ. ಸ್ಥಳ ಮೈಸೂರಿನ ಮಾನಸಗಂಗೋತ್ರಿ. ಆಟದ ಮೂರನೆಯ ದಿನ ವೈದ್ಯರು ನನ್ನನ್ನು ಹೊರಗೆ ಕರೆದು, ಕಂಕುಳಿನಿಂದ ತೆಗೆದ ಗ್ರಂಥಿಗಳಲ್ಲಿ ನಾಲ್ಕರಲ್ಲಿ ರೋಗ ಕಂಡಿದೆ, ಇನ್ನೂ ಕಿಮೋ ಬೇಕು, ಆಮೇಲೆ ವಿಕಿರಣ ಎಂದರು. ನಾಲ್ಕೆಂಬುದು ದೊಡ್ಡದೋ ಚಿಕ್ಕದೋ ನನಗೆ ತಿಳಿಯಲಿಲ್ಲ. ಒಳಗೆ ಬಂದು, ಎಲ್ಲ ಚೆನ್ನಾಗಿದೆಯಂತೆ ಎಂದೆನು.

ಮರುದಿನ ಸಂಕ್ರಾಂತಿ, ೨೦೧೦ರ ಜನವರಿ ೧೪. ಗೆಲ್ಲಲು ೩೩೮ ಬೇಕಾಗಿತ್ತು. ಮೊದಲ ಇನ್ನಿಂಗ್ಸಿನಲ್ಲಿ ೧೩೦ಕ್ಕೆ ಕುಸಿದಿದ್ದ ತಂಡವದು. ಮೈದಾನದಲ್ಲಿದ್ದ ಅವಳ ಅಣ್ಣನ ಮಗ ಗಳಿಗೆಗೊಮ್ಮೆ ದೂರವಾಣಿಯಲ್ಲಿ ಸುದ್ದಿ ಕೊಡುತ್ತಿದ್ದನು. ಮೂರು ವಿಕೆಟ್ಟಿಗೆ ೨೫೫ ಆಗುವವರೆಗೆ ಮನೀಷ್ ಪಾಂಡೆ, ಗಣೇಶ್ ಸತೀಶ್ ಇಬ್ಬರೂ ಕದಲಲಿಲ್ಲ. ನನ್ನಾಕೆ ದಿಂಬಿಗೊರಗಿ ಕುಳಿತು, ಬಲಗೈಯ ಬೆರಳಿನಿಂದ ಹೊದಿಕೆಯ ಮೇಲೆ ಲೆಕ್ಕ ಹಾಕುತ್ತಿದ್ದಳು. ಆಮೇಲೆ ಸತೀಶ್ ೭೫ಕ್ಕೆ ಹೋದನು, ಪಾಂಡೆ ೧೪೪ಕ್ಕೆ ಹೋದನು. ಒಬ್ಬೊಬ್ಬರಾಗಿ ಉಳಿದವರೂ ಹೋದರು. ಕಡೆಯ ಕರೆಯನ್ನು ನಾನು ಓಣಿಯಲ್ಲಿ ನಿಂತು ಕೇಳಿದೆನು. ೩೩೧, ಆರು ರನ್ನಿನ ಸೋಲು.

ಬಾಗಿಲಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದ ಅವಳಿಗೆ, ಗೆದ್ದರು ಎಂದೆನು. ನಿನ್ನೆ ಒಂದು ಸುಳ್ಳನ್ನು ಆಡಿದವನಿಗೆ ಇಂದಿನದು ಸುಲಭವಾಯಿತೆಂದು ಕಾಣುತ್ತದೆ. ಅವಳು ಎಳ್ಳುಬೆಲ್ಲವನ್ನು ಕೇಳಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು.

ರಾತ್ರಿ ಎಂಟು ಗಂಟೆಗೆ ಆ ಹುಡುಗ ಮೈಸೂರಿನಿಂದ ನೇರವಾಗಿ ಆಸ್ಪತ್ರೆಗೆ ಬಂದನು. ಅವನು ಬರುವನೆಂದು ನನಗೆ ತೋಚಿಯೇ ಇರಲಿಲ್ಲ. "ಅತ್ತೆ, ಆರೇ ಆರು ರನ್ನು!" ಎಂದು ಮಂಚದ ತುದಿಯಲ್ಲಿ ಕುಸಿದು ಕುಳಿತನು. ಅವಳು ಅವನ ತಲೆಯನ್ನು ಸವರಿ, ಊಟ ಮಾಡಿಕೊಂಡು ಬಾರೆಂದು ಕಳುಹಿಸಿದಳು. ಆಮೇಲೆ ನನ್ನ ಕಡೆಗೆ ತಿರುಗಿ, "ಸ್ಕೋರನ್ನೇ ಬಚ್ಚಿಟ್ಟವರು ಇನ್ನೇನನ್ನು ಬಚ್ಚಿಟ್ಟಿದ್ದೀರಿ?" ಎಂದು ಕೇಳಿದಳು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಾಗುತ್ತಿತ್ತು.

ಹೇಳಿದೆನು. ಅವಳು ಬಹಳ ಹೊತ್ತು ಸುಮ್ಮನಿದ್ದಳು. "ಎಷ್ಟು?" ಎಂದಳು. "ನಾಲ್ಕು." "ನೋಡಿದ್ದು ಎಷ್ಟರಲ್ಲಿ?" ಅದನ್ನು ನಾನು ವೈದ್ಯರನ್ನು ಕೇಳಿಯೇ ಇರಲಿಲ್ಲ. "ಎಷ್ಟು ವಿಕೆಟ್ಟಿಗೆ ಎಂದು ಕೇಳದೆ ಯಾರಾದರೂ ಸ್ಕೋರು ಹೇಳುತ್ತಾರೆಯೇ? ನಾಳೆ ಕೇಳಿಕೊಂಡು ಬನ್ನಿರಿ" ಎಂದಳು. ಮರುದಿನ ಕೇಳಿಕೊಂಡು ಬಂದೆನು: ಹದಿನಾರರಲ್ಲಿ ನಾಲ್ಕು. ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಬಗೆಯ ಸ್ಕೋರನ್ನೂ ಇದ್ದಂತೆಯೇ ಹೇಳುವುದೆಂದಾಯಿತು.

ಗಾಯ ಮಾಗಿದ ಮೇಲೆ ಎಡಗೈ ಭುಜಕ್ಕಿಂತ ಮೇಲೇಳುತ್ತಿರಲಿಲ್ಲ. ಗೋಡೆಯ ಮೇಲೆ ಬೆರಳುಗಳನ್ನು ಜೇಡದಂತೆ ಹತ್ತಿಸುತ್ತ ಹೋಗಬೇಕೆಂದು ಆಸ್ಪತ್ರೆಯಲ್ಲಿ ಕಲಿಸಿದ್ದರು. ಅವಳು ಅದನ್ನು ಶ್ರೀನಾಥನ ವ್ಯಾಯಾಮವೆಂದು ಕರೆದಳು. ದಿನವೂ ಬೆರಳು ಮುಟ್ಟಿದೆಡೆ ನಾನು ಸೀಸದ ಕಡ್ಡಿಯಿಂದ ಗೆರೆ ಎಳೆದು ತಾರೀಖು ಬರೆಯುತ್ತಿದ್ದೆನು. ಕೆಲವು ದಿನ ಗೆರೆ ಹಿಂದಿನ ದಿನಕ್ಕಿಂತ ಕೆಳಗೆ ಬೀಳುತ್ತಿತ್ತು. ಅದನ್ನೂ ಬರೆಯುತ್ತಿದ್ದೆನು. ಉಳಿದ ಕಿಮೋ, ವಿಕಿರಣ, ಮಾತ್ರೆಗಳು, ಆರು ತಿಂಗಳಿಗೊಮ್ಮೆ ಪರೀಕ್ಷೆ. ವರ್ಷಗಳು ಹೀಗೆ ಕಳೆದುವು. ಕರ್ನಾಟಕ ತಂಡ ಫೈನಲಿನ ಮೊಗ ಕಾಣದ ವರ್ಷಗಳವು. ಸೋತ ಪಂದ್ಯಗಳನ್ನೂ ಅವಳು ಬಿಡದೆ ಓದಿಸಿದಳು.

೨೦೧೪ರ ಫೆಬ್ರವರಿ ೨, ಭಾನುವಾರ. ಹೈದರಾಬಾದಿನಲ್ಲಿ ಮಹಾರಾಷ್ಟ್ರದ ಮೇಲೆ ಫೈನಲಿನ ಐದನೆಯ ದಿನ. ನಮ್ಮ ತಂಡ ಟ್ರೋಫಿಯನ್ನು ಮುಟ್ಟಿ ಹದಿನೈದು ವರ್ಷವಾಗಿತ್ತು. ನಾಯಕ ದಾವಣಗೆರೆಯ ವಿನಯ್ ಕುಮಾರ್. ಮೊದಲ ಇನ್ನಿಂಗ್ಸಿನಲ್ಲಿ ರಾಹುಲನದು ೧೩೧; ಮೈಸೂರಿನಲ್ಲಿ ೭೫ಕ್ಕೆ ಹೋಗಿದ್ದ ಗಣೇಶ್ ಸತೀಶನದು ಈ ಸಲ ೧೧೭. ಕೊನೆಗೆ ಬೇಕಾಗಿದ್ದುದು ೧೫೭ ಮಾತ್ರ. ಏಳು ವಿಕೆಟ್ಟುಗಳಿಂದ ಗೆದ್ದರು. ಸುದ್ದಿ ಕೇಳಿದೊಡನೆ ಒಲೆಯ ಮುಂದೆ ನಿಂತಿದ್ದ ನನ್ನಾಕೆ, ಸೌಟನ್ನೂ ಬಿಡದೆ, ಎರಡು ಕೈಗಳನ್ನೂ ಮೇಲಕ್ಕೆತ್ತಿದಳು. ಎಡಗೈ ಬಲಗೈಗಿಂತ ಮೂರು ಬೆರಳಷ್ಟು ಕೆಳಗೆ ನಿಂತಿತು.

"ಎಷ್ಟು ಕಡಮೆ?" ಎಂದಳು, ನನ್ನ ಕಣ್ಣು ಅಲ್ಲಿದ್ದುದನ್ನು ಕಂಡು.

"ಮೂರು ಬೆರಳು" ಎಂದೆನು.

"ಹೋದ ವರ್ಷ ನಾಲ್ಕಿತ್ತು" ಎಂದು ಒಲೆಯ ಕಡೆಗೆ ತಿರುಗಿದಳು.