ಬಾಲ ಮೇಲೆ, ತಲೆ ಕೆಳಗೆ

ಬೆಂಗಳೂರಿನ ಸಂಜಯನಗರದ ನಮ್ಮ ಮನೆಯ ಒರಾಂಡಾ ಗೋಲ್ಡ್‌ಫಿಶ್ ಕಾಯಿಲೆಯಿಂದ ಸಾಯಲಿಲ್ಲ, ನನ್ನ ಉಪಚಾರದಿಂದ ಸತ್ತಿತು. ಅದಕ್ಕಿದ್ದದ್ದು ಬಹುಶಃ ಬರೀ ಮಲಬದ್ಧತೆ. ಎರಡು ಮೂರು ದಿನ ಕಾಳು ಹಾಕದೆ ಬಿಟ್ಟಿದ್ದರೆ ತಾನಾಗಿ ಸರಿಹೋಗುತ್ತಿತ್ತೇನೋ.

ತಿಂದ ಸ್ವಲ್ಪ ಹೊತ್ತಿಗೆ ಅದರ ಹಿಂಭಾಗ ಮೇಲೆದ್ದು ತಲೆ ಕೆಳಗಾಗುತ್ತಿತ್ತು. ಬಾಲ ಬಡಿದು ಬಡಿದು ಕೆಳಗಿಳಿಯುವುದು, ಬಡಿಯುವುದು ನಿಂತೊಡನೆ ಬೆಂಡಿನ ಹಾಗೆ ಮತ್ತೆ ಮೇಲೆ. ನೀರಿನಿಂದ ಹೊರಗೆ ಉಳಿದ ಹೊಟ್ಟೆಯ ಪಕ್ಕ ಗಾಳಿಗೆ ಒಣಗಿ, ಹುರುಪೆಗಳ ಸಂದಿ ಕೆಂಪಾಗಿತ್ತು.

ದುಂಡಗೆ ಕಾಣಲೆಂದೇ ತಳಿ ಮಾಡಿದ ಮೀನು ಅದು. ಗಿಡ್ಡ ಮೈಯೊಳಗೆ ಕರುಳೂ ಮೀನನ್ನು ತೇಲಿಸುವ ಗಾಳಿಚೀಲವೂ ಒತ್ತಿಕೊಂಡಿರುತ್ತವೆ. ಗೋಲ್ಡ್‌ಫಿಶ್‌ನ ಗಾಳಿಚೀಲಕ್ಕೂ ಅನ್ನನಾಳಕ್ಕೂ ಒಂದು ಸಣ್ಣ ಕೊಳವೆಯ ಸಂಪರ್ಕ ಉಂಟು. ತೇಲುವ ಕಾಳನ್ನು ಮೇಲಿಂದ ಗಬಕ್ಕನೆ ತಿನ್ನುವಾಗ ಗಾಳಿಯೂ ಒಳಹೋಗುತ್ತದೆ, ಒಣ ಕಾಳು ಹೊಟ್ಟೆಯಲ್ಲಿ ನೆನೆದು ಉಬ್ಬುತ್ತದೆ. ನಾನೋ, ಬೆಳಿಗ್ಗೆ ಸಂಜೆ ಚಿಟಿಕೆಯ ಬದಲು ಹಿಡಿಯಲ್ಲಿ ಹಾಕುತ್ತಿದ್ದವಳು. ಬಾಯಿ ತೆರೆದು ಬಂದರೆ ಯಾರಿಗೆ ಮನಸ್ಸು ಬರುತ್ತದೆ ಇಲ್ಲವೆನ್ನಲು!

ಅಂಗಡಿಯವರು ಮೀನು ನೋಡದೆಯೇ “ಇನ್ಫೆಕ್ಷನ್ ಮೇಡಂ” ಎಂದು ನೀಲಿ ಮದ್ದಿನ ಬಾಟಲಿ ಕೊಟ್ಟರು. ಮದ್ದು ಹಾಕುವ ಮುನ್ನ ಎಲ್ಲ ಸ್ವಚ್ಛ ಇರಲಿ ಎಂದು ತೊಟ್ಟಿಯ ನೀರನ್ನೆಲ್ಲ ಚೆಲ್ಲಿದೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಕಂದು ಲೋಳೆ ಹೋಗಿ ಬಿಳಿ ನೀರು ಬರುವವರೆಗೂ ಹಿಂಡಿದೆ. ಅವತ್ತು ಕಾವೇರಿ ನೀರು ಬಿಟ್ಟಿದ್ದರು, ಬಕೆಟ್ಟಿನಲ್ಲೇ ಕ್ಲೋರಿನ್ ವಾಸನೆ. ಅದನ್ನೇ ನೇರ ತುಂಬಿಸಿ ಮದ್ದು ಹಾಕಿದೆ.

ಮಾರನೆಯ ದಿನ ಉಳಿದ ಮೀನುಗಳೂ ಮೇಲೆ ಬಂದು ಬಾಯಿ ಬಡಿಯತೊಡಗಿದವು. ಹಸಿದಿವೆಯೆಂದು ಇನ್ನಷ್ಟು ಕಾಳು ಹಾಕಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒರಾಂಡಾ ಸತ್ತ ಮೇಲೆ ಮಹಡಿ ಮನೆಯ ಬಾಡಿಗೆ ಹುಡುಗ ಬಂದು ನೋಡಿದ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದವನು. ಮೀನಿಗೇನಾಗಿತ್ತು ಎಂದು ಕೇಳಲೇ ಇಲ್ಲ.

“ಆಂಟಿ, ಫಿಲ್ಟರ್ ಯಾವ ನೀರಲ್ಲಿ ತೊಳೆದ್ರಿ?”

ನಾನು ಹಿಂಡಿ ಚೆಲ್ಲಿದ ಆ ಲೋಳೆಯಲ್ಲೇ ಇದ್ದದ್ದು ಮೀನು ಹೊರಬಿಡುವ ಅಮೋನಿಯವನ್ನು ನೈಟ್ರೈಟಾಗಿ, ಮತ್ತೆ ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾ. ಅಳಿದುಳಿದದ್ದಕ್ಕೆ ಕ್ಲೋರಿನ್ನೂ ನೀಲಿ ಮದ್ದೂ ಸಾಕಾಗಿತ್ತು. ನಮ್ಮ ಕಡೆ ಬೋರ್‌ವೆಲ್ ನೀರು ಬೆರೆತ ಸಂಪು ಬೇರೆ, ಅದರ ಪಿಎಚ್ ಹೆಚ್ಚಿದ್ದಿರಬಹುದು. ನೀರಿನ ಪಿಎಚ್ 7ರಿಂದ 8ಕ್ಕೇರಿದರೆ ಅಷ್ಟೇ ಅಮೋನಿಯದ ವಿಷ ಸುಮಾರು ಹತ್ತು ಪಟ್ಟಾಗುತ್ತದೆ.

ಅವನು ಹೇಳಿಕೊಟ್ಟ ಒಂದು ಮಾತು ಆಮೇಲೆ ಬಹಳ ಸಲ ಕೆಲಸಕ್ಕೆ ಬಂತು: ಒಂದೇ ಮೀನು ಓರೆಯಾದರೆ ಮೀನನ್ನು ನೋಡಿ, ಎಲ್ಲವೂ ಒಟ್ಟಿಗೆ ವಿಚಿತ್ರವಾಡಿದರೆ ನೀರನ್ನು ನೋಡಿ. ಕಲ್ಲಿಗೆ ಮೈ ಉಜ್ಜಿದರೆ ಹೆಚ್ಚಾಗಿ ಪರೋಪಜೀವಿ; ಜೊತೆಗೆ ರವೆಯಂಥ ಬಿಳಿ ಚುಕ್ಕೆ ಕಂಡರಂತೂ ಅನುಮಾನವೇ ಬೇಡ. ತಳದಲ್ಲೇ ಬಿದ್ದು ಏಳಲಾರದ ಮೀನಿಗೆ ಗಾಳಿಚೀಲದ ಸೋಂಕೋ ಪೆಟ್ಟೋ ಇರಬಹುದು, ಅದು ಉಪವಾಸಕ್ಕೆ ಬಗ್ಗುವುದಿಲ್ಲ. ತಿಂದ ಮೇಲೆ ತೇಲುವ ಗೋಲ್ಡ್‌ಫಿಶ್‌ಗೆ ಮಾತ್ರ ಉಪವಾಸ, ಆಮೇಲೆ ಬೇಯಿಸಿ ಸಿಪ್ಪೆ ಸುಲಿದ ಬಟಾಣಿಯ ಚೂರು, ಮುಂದಕ್ಕೆ ಮುಳುಗುವ ಕಾಳು. ಈಗಿರುವ ಗೋಲ್ಡ್‌ಫಿಶ್ ಒಮ್ಮೆ ಹಾಗೆ ತೇಲಿದಾಗ ಇಷ್ಟನ್ನೇ ಮಾಡಿದೆ, ಬದುಕಿತು.

ಹೆಬ್ಬಾಳದಲ್ಲೇ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿ ವಿಚಾರಿಸಬಹುದೆಂದು ನನಗೆ ಹೊಳೆಯಲೇ ಇಲ್ಲ, ನೀವಾದರೂ ವಿಚಾರಿಸಿ. ಮದ್ದಿಗೆ ಮೊದಲು ಅಮೋನಿಯ ಪರೀಕ್ಷೆಯ ಕಿಟ್ ಕೊಳ್ಳಿ. ಸೊನ್ನೆಗಿಂತ ಹೆಚ್ಚು ತೋರಿಸಿದರೆ ಕ್ಲೋರಿನ್ ತೆಗೆದ ನೀರಿನಿಂದ ಕಾಲು ಭಾಗ ಬದಲಿಸಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಜಾಲಿಸಿ, ನಲ್ಲಿಯ ಕೆಳಗೆ ಬೇಡ.