ಲಕ್ಷ್ಮಿಗೆ ಎಷ್ಟು ಅಕ್ಷರ?



ಬರ್ಮಿಂಗ್‌ಹ್ಯಾಮ್‌ನ ನಮ್ಮ ಶಾಲೆಯಲ್ಲಿ ಕನ್ನಡ ಕಲಿಸುವುದರ ಜೊತೆಗೆ ಹೆಸರುಪಟ್ಟಿಯನ್ನು ಕಂಪ್ಯೂಟರ್‌ನಲ್ಲಿ ಇಡುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಬಿ.ಎಡ್. ಪರೀಕ್ಷೆಯಲ್ಲಿ ಡೇಟಾಬೇಸ್ ಬಗ್ಗೆ ಯಾರೂ ಪ್ರಶ್ನೆ ಕೇಳಿರಲಿಲ್ಲ, ಬಿಡಿ!

ಕ್ರಮಸಂಖ್ಯೆಯನ್ನು ಪಠ್ಯವಾಗಿ ಬರೆದಿಟ್ಟರೆ ಕಂಪ್ಯೂಟರ್ 1 ಆದ ಮೇಲೆ 10, ಅದಾದ ಮೇಲೆ 2 ಎಂದು ಜೋಡಿಸುತ್ತದೆ. ನಿಘಂಟಿನಂತೆ ಎಡದಿಂದ ಒಂದೊಂದೇ ಗುರುತನ್ನು ಹೋಲಿಸುವುದು ಅದರ ಪದ್ಧತಿ. ಇದಕ್ಕೆ 'ಎಲ್‌ಪ್ಯಾಡ್' ಎಂಬ ಆಜ್ಞೆ ಇದೆ. ಎಡಗಡೆ ಸೊನ್ನೆ ತುಂಬಿ 1 ಅನ್ನು 001, 10 ಅನ್ನು 010 ಮಾಡುತ್ತದೆ. ಆಗ ಸಾಲು ಸರಿಹೋಗುತ್ತದೆ. ನಮ್ಮ ಕವಿಗಳು ಪಾದಪೂರಣಕ್ಕೆಂದು ಒಂದೆರಡು ಪದ ಸೇರಿಸುತ್ತಿದ್ದರಲ್ಲ, ಹಾಗೆಯೇ ಇದು. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 14 ಮಾತ್ರೆ ಬೇಕೇ ಬೇಕು. ಮ್ಯಾಂಚೆಸ್ಟರ್‌ನಲ್ಲಿ 1948ರಲ್ಲಿ ಓಡಿದ 'ಬೇಬಿ' ಕಂಪ್ಯೂಟರ್‌ನಲ್ಲೂ ಅಷ್ಟೇ: ಎಷ್ಟೇ ಚಿಕ್ಕ ಸಂಖ್ಯೆಗೂ 32 ಸ್ಥಾನ ಮೀಸಲು.

ಹೆಸರುಗಳಿಗೆ ಬಲಗಡೆ ಖಾಲಿ ಜಾಗ ತುಂಬುವುದು 'ಆರ್‌ಪ್ಯಾಡ್'. ಕನ್ನಡದ ತೊಡಕು ಇಲ್ಲಿಂದ ಶುರು. 'ಕಮಲ' ಎಂದರೆ ಮೂರು ಅಕ್ಷರ, ಕಂಪ್ಯೂಟರ್‌ಗೂ ಮೂರೇ. 'ಲಕ್ಷ್ಮಿ' ನಮಗೆ ಎರಡೇ ಅಕ್ಷರ. ಯುನಿಕೋಡ್‌ನಲ್ಲಿ ಅದು ಏಳು ಗುರುತು: ಲ, ಕ, ಅರ್ಧಾಕ್ಷರದ ಚಿಹ್ನೆ, ಷ, ಮತ್ತೆ ಅದೇ ಚಿಹ್ನೆ, ಮ, ಕೊನೆಗೆ ಗುಡಿಸು. ಎಂಟರ ಅಳತೆ ಕೊಟ್ಟರೆ ಕಮಲಳಿಗೆ ಐದು ಖಾಲಿ ಜಾಗ, ಲಕ್ಷ್ಮಿಗೆ ಒಂದೇ. ಪಟ್ಟಿ ಸೊಟ್ಟಗಾಗುತ್ತದೆ. ಅದು ದೊಡ್ಡ ವಿಷಯವಲ್ಲ.

ಅಳತೆ ಆರೇ ಇದ್ದರೆ? ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡರಲ್ಲೂ ಈ ಆಜ್ಞೆ ಹೆಚ್ಚಾದುದನ್ನು ತುದಿಯಿಂದ ಕತ್ತರಿಸಿಬಿಡುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಗುಡಿಸು ಹೋಗಿ ಉಳಿಯುವುದು 'ಲಕ್ಷ್ಮ'! ಇಂಗ್ಲಿಷಿನಲ್ಲಿ ಕೊನೆಯ ಅಕ್ಷರ ಹಾರಿದರೆ ಹೆಸರು ಮುರಿದದ್ದು ಕಣ್ಣಿಗೆ ಕಾಣುತ್ತದೆ. ಕನ್ನಡದಲ್ಲಿ ಉಳಿದದ್ದೂ ಪೂರ್ತಿ ಪದದಂತೆಯೇ ಕಾಣುವುದರಿಂದ ಕನ್ನಡ ಓದಲು ಬರುವವರು ಮಾತ್ರ ಹಿಡಿಯಬಲ್ಲರು. ಅಜ್ಜಿ ಇಟ್ಟ ಹೆಸರು ಪ್ರಮಾಣಪತ್ರದಲ್ಲಿ ಹೀಗೆ ಅಚ್ಚಾದರೆ ಆ ಮಗು ಅದನ್ನು ಊರಿಗೆ ಕಳಿಸುವುದು ಹೇಗೆ?

ಆದ್ದರಿಂದ ನಾನು ತುಂಬಿಸುವ ಕೆಲಸವನ್ನು ಕ್ರಮಸಂಖ್ಯೆಗೆ ಮಾತ್ರ ಇಟ್ಟುಕೊಂಡಿದ್ದೇನೆ. ಹೆಸರುಗಳನ್ನು ಇದ್ದ ಹಾಗೆಯೇ ಬಿಟ್ಟು, ಸಾಲು ನೇರ ಮಾಡುವುದನ್ನು ಪುಟವಿನ್ಯಾಸದ ಕೋಷ್ಟಕಕ್ಕೆ ವಹಿಸಿದ್ದೇನೆ. ದೊಡ್ಡ ಮಕ್ಕಳಿಗೆ ತಮ್ಮ ಹೆಸರನ್ನು ಬಿಡಿಸಿ ಗುರುತು ಎಣಿಸುವ ಆಟವನ್ನೂ ಕೊಟ್ಟಿದ್ದೇನೆ. ಕಾಗುಣಿತ ಎಂದರೆ ಮುಖ ಸಿಂಡರಿಸುವವರೂ ಇದಕ್ಕೆ ಮುಂದೆ ಬರುತ್ತಾರೆ.

ಪ್ರಮಾಣಪತ್ರದ ಕರಡು ನಿಮ್ಮ ಮನೆಗೆ ಬಂದಾಗ, ಪೋಷಕರೇ, ಹೆಸರಿನ ಕೊನೆಯ ಅಕ್ಷರದ ಗುಣಿತವನ್ನು ಮಗುವಿನಿಂದಲೇ ಓದಿಸಿ, ಆಮೇಲೆ ಸಹಿ ಹಾಕಿ.