ಊದುಗೊಳವೆ

ನಮ್ಮ ಅಜ್ಜಿಯ ಅಡಿಗೆಮನೆಯಲ್ಲಿ ಒಲೆಯ ಮಗ್ಗುಲಿಗೆ ಕಬ್ಬಿಣದ ಊದುಗೊಳವೆಯೊಂದು ಸದಾ ಒರಗಿಕೊಂಡಿರುತ್ತಿತ್ತು. ಹಸಿಸೌದೆ ಹೊಗೆಯಾಡತೊಡಗಿದರೆ ಅಜ್ಜಿ ಅದನ್ನು ಕೆಂಡದ ಬುಡಕ್ಕೆ ಹಿಡಿದು ಊದುವಳು, ಬೆಂಕಿ ಹೊತ್ತಿಕೊಳ್ಳುವುದು. ಮರುಗಳಿಗೆಯಲ್ಲಿ ಅದೇ ಬಾಯಿಂದ ನಮ್ಮ ಲೋಟದ ಹಾಲನ್ನು ಊದಿ ಆರಿಸಿ ಕೊಡುವಳು. ಒಂದೇ ಉಸಿರು ಒಂದು ಕಡೆ ಕಾಯಿಸಿ ಇನ್ನೊಂದು ಕಡೆ ಆರಿಸುವುದೆಂತೆಂದು ಬಾಲ್ಯದಲ್ಲಿ ನನಗೆ ಸೋಜಿಗವಾಗುತ್ತಿತ್ತು. ಅರುವತ್ತು ದಾಟಿದ ಮೇಲೆ ಮಗಳ ಮೋಟಾರಿಗೆ ಊದುಗೊಳವೆ ಮಾಡಿಕೊಡುವ ಪ್ರಸಂಗ ಬಂದಾಗ ಆ ಸೋಜಿಗ ಮತ್ತೆ ನೆನಪಾಯಿತು.

ಮೋಟಾರಿಗೆ ಊದುಗೊಳವೆಯೇ ಎಂದು ವಾಚಕರು ನಗಬಹುದು. ಸಂಗತಿಯನ್ನು ಮೊದಲಿನಿಂದಲೇ ಹೇಳುತ್ತೇನೆ.

ನನ್ನ ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವಳು. ಅವಳಿಗೆ ಸೀರೆಯ ಮೋಹವಿಲ್ಲ, ಒಡವೆಯ ಮೋಹವಿಲ್ಲ. ಇರುವುದು ವೇಗದ ಮೋಹ. ಹಳೆಯ ಸಣ್ಣ ಕಾರೊಂದನ್ನು ಕೊಂಡು, ಹಿಂದಿನ ಆಸನವನ್ನು ಕಿತ್ತುಹಾಕಿ, ವರ್ಷಕ್ಕೆ ಎರಡು ಮೂರು ಸಲ ಅದನ್ನು ಲಾರಿಯ ಮೇಲೆ ಹೇರಿಸಿಕೊಂಡು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗೆ ಹೋಗುತ್ತಾಳೆ. ಅಲ್ಲಿ 1990ರಲ್ಲಿ ತೆರೆದ ಓಟದ ಪಥವಿದೆ. ಒಂದು ಸುತ್ತಿಗೆ ಸುಮಾರು 3.7 ಕಿಲೋಮೀಟರು. ಅವಳದು ಪಂದ್ಯವಲ್ಲ, ಹಣ ಕಟ್ಟಿ, ಶಿರಸ್ತ್ರಾಣ ಧರಿಸಿ, ಗೊತ್ತುಪಡಿಸಿದ ಹೊತ್ತಿನಷ್ಟು ಗಾಡಿ ಓಡಿಸುವ ಹವ್ಯಾಸ ಮಾತ್ರ. ಬೀದಿಯಲ್ಲಿ ವೇಗವಾಗಿ ಹೋಗಿ ಪರರ ಪ್ರಾಣಕ್ಕೆ ಸಂಚಕಾರ ತರುವುದಕ್ಕಿಂತ ಇದು ಲೇಸೆಂದು ನಾನು ಸಮಾಧಾನ ಹೇಳುತ್ತಿದ್ದೆ. ನನ್ನಾಕೆ ಮಾತ್ರ, "ನೀವೇ ಅವಳನ್ನು ತಲೆಯ ಮೇಲೆ ಕೂರಿಸಿಕೊಂಡಿರಿ" ಎಂದು ಬೇಸರಪಡುತ್ತಿದ್ದಳು.

ಕಳೆದ ಸಲ ನಾನೂ ಜೊತೆಗೆ ಹೋಗಿದ್ದೆ. ಎಂಟನೆಯ ಸುತ್ತೋ ಒಂಬತ್ತನೆಯದೋ ಇರಬೇಕು. ನೇರ ದಾರಿಯ ಕೊನೆಗೆ ಬಂದ ಗಾಡಿ ವೇಗ ತಗ್ಗಿಸಿ ತಿರುಗಬೇಕಾದಲ್ಲಿ ತಿರುಗದೆ, ನೆಟ್ಟಗೆ ಆಚೆಯ ಮಣ್ಣಿನ ಬಯಲಿಗೆ ನುಗ್ಗಿ, ಧೂಳಿನಲ್ಲಿ ಕಣ್ಮರೆಯಾಯಿತು. ನನ್ನ ಕೈಕಾಲು ಆಡಲಿಲ್ಲ. ಧೂಳು ಅಡಗಿದ ಮೇಲೆ ಮಗಳು ಬಾಗಿಲು ತೆರೆದು ಇಳಿದುದನ್ನು ಕಂಡಾಗಲೇ ನಾನು ಉಸಿರೆಳೆದುದು. ಅವಳಿಗೆ ಕೂದಲೂ ಕೊಂಕಿರಲಿಲ್ಲ. "ಅಪ್ಪ, ಬ್ರೇಕು ತುಳಿದರೆ ಕಾಲು ತಳ ಮುಟ್ಟಿತು" ಎಂದಳು. ಗೇರನ್ನು ಒಂದೊಂದಾಗಿ ಇಳಿಸಿ ಅವಳು ವೇಗವನ್ನು ಆದಷ್ಟು ತಗ್ಗಿಸಿದ್ದಳು.

ಇದು ಹೇಗಾಯಿತೆಂಬುದನ್ನು ಅರಿಯಲು ಅಡಿಗೆಮನೆಯ ಲೆಕ್ಕವೇ ಸಾಕು. ಚಾಲಕಿಯೂ ಸೇರಿ 1000 ಕಿಲೋ ತೂಗುವ ಗಾಡಿಯನ್ನು ಗಂಟೆಗೆ 120 ಕಿಲೋಮೀಟರಿನಿಂದ 60ಕ್ಕೆ ಇಳಿಸಿದರೆ, ಕಳೆದುಹೋಗುವ ಚಲನಶಕ್ತಿಯೆಲ್ಲ ಬಿಸಿಯಾಗಿ ಮಾರ್ಪಡುವುದು. ಆ ಬಿಸಿಯಿಂದ ಸುಮಾರು ಒಂದೂಕಾಲು ಲೀಟರು ತಣ್ಣೀರನ್ನು ಕುದಿಸಬಹುದು. ಅಷ್ಟೂ ಬಿಸಿ ಮೂರು ಸೆಕೆಂಡಿನೊಳಗೆ, ಹೆಚ್ಚಿನ ಪಾಲು ಮುಂದಿನ ಎರಡು ಎರಕದ ಕಬ್ಬಿಣದ ಬಿಲ್ಲೆಗಳ ಮೇಲೆ ಬೀಳುತ್ತದೆ. ಆರುವುದರೊಳಗೆ ಮುಂದಿನ ತಿರುವು ಬರುತ್ತದೆ. ಆಗುಂಬೆಯ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಸುಟ್ಟ ವಾಸನೆಯನ್ನು ಮೂಸಿದವರಿಗೆ ಇದು ಹೊಸತಲ್ಲ.

ಬಿಲ್ಲೆಯ ಕಾವು ಪ್ಯಾಡಿಗೂ, ಪ್ಯಾಡಿನಿಂದ ಬ್ರೇಕ್ ಎಣ್ಣೆಗೂ ಏರುತ್ತದೆ. ಎಣ್ಣೆ ಕುದಿದು ಆವಿಯಾದರೆ, ಕಾಲಿನ ಒತ್ತಡವೆಲ್ಲ ಆ ಆವಿಯನ್ನು ಹಿಸುಕುವುದರಲ್ಲಿಯೇ ಮುಗಿದು, ಚಕ್ರಕ್ಕೆ ತಲುಪುವುದಿಲ್ಲ. ಈ ಎಣ್ಣೆಗೆ ಇನ್ನೊಂದು ದುರ್ಗುಣವುಂಟು: ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯದು ಹೊಸತಾಗಿದ್ದಾಗ 230 ಡಿಗ್ರಿಯವರೆಗೂ ಕುದಿಯಬಾರದೆಂಬ ನಿಯಮವಿದೆ. ತೇವವುಂಡ ಮೇಲೆ ಆ ಮಿತಿ 155ಕ್ಕೆ ಇಳಿದುಬಿಡುತ್ತದೆ.

ಇಲ್ಲಿಯೇ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಹೊರಡುವುದಕ್ಕೆ ಮೊದಲು ಮಗಳು, "ಎಣ್ಣೆ ಹಾಕಿಸಿ ಎರಡು ವರ್ಷ ಮೀರಿತು, ಬದಲಾಯಿಸೋಣ" ಎಂದಿದ್ದಳು. ತುಂಬಿದ ಡಬ್ಬಿಯನ್ನು ಚೆಲ್ಲುವುದು ನನ್ನ ಜಾಯಮಾನಕ್ಕೆ ಒಗ್ಗದು. "ಇನ್ನೂ ಚೆನ್ನಾಗಿಯೇ ಇದೆಯಲ್ಲಮ್ಮ, ಬಂದ ಮೇಲೆ ನೋಡೋಣ" ಎಂದುಬಿಟ್ಟಿದ್ದೆ. ಕೆಲವು ನೂರು ರೂಪಾಯಿಗಳ ಮಿತವ್ಯಯಕ್ಕೆ ನಾನು ಒಡ್ಡಿದ ಪಣ ಯಾವುದೆಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಮಗಳು ನನ್ನನ್ನು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ಮನೆಗೆ ಬಂದು ನನ್ನಾಕೆಗೆ ಎಲ್ಲವನ್ನೂ ಹೇಳಿದೆ. ಮುಚ್ಚಿಡಬಹುದಾಗಿತ್ತು, ಮನಸ್ಸು ಒಪ್ಪಲಿಲ್ಲ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಬೇಡವೆಂದರೆ ಅವಳು ನಿಲ್ಲಿಸುವುದಿಲ್ಲ, ನಮಗೆ ಹೇಳುವುದನ್ನು ನಿಲ್ಲಿಸುತ್ತಾಳೆ. ಕೆಟ್ಟದ್ದನ್ನು ನೀವೇ ಸರಿಮಾಡಿಕೊಡಿ" ಎಂದಳು.

ಮೊದಲು ಎಣ್ಣೆಯನ್ನೂ, ಬಳಿಕ ಹೆಚ್ಚು ಕಾವು ತಾಳುವ ಪ್ಯಾಡುಗಳನ್ನೂ ಹಾಕಿಸಿದೆವು. ಇದನ್ನು ಬಿಟ್ಟು ಕೊಳವೆಗೆ ಕೈಹಾಕುವುದು ಸೋರುವ ಮನೆಗೆ ಸುಣ್ಣ ಬಳಿದಂತೆ. ಆಮೇಲೆ ಜಗಲಿಯ ಮೇಲೆ ಕೊಳವೆಯ ಕೆಲಸ ಆರಂಭವಾಯಿತು. ಮುಂದಿನ ಬಂಪರಿನಲ್ಲಿ ಮಂಜುದೀಪವಿದ್ದ ಗೂಡುಗಳೇ ಗಾಳಿಯ ಬಾಯಿ. ಕಲ್ಲು, ಎಲೆ ಹೊಗದಂತೆ ಅದಕ್ಕೊಂದು ಜಾಲರಿ. ಕೊಳವೆಗೆಂದು ನಾನು ಅಡಿಗೆಮನೆಯ ಚಿಮಣಿಯ ಅಲ್ಯೂಮಿನಿಯಮ್ ಸುರುಳಿಯನ್ನು ತಂದೆ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದೊಡನೆ ಟೈರು ತಾಗಿ ಅದು ಹರಿದುಹೋಯಿತು. ಮತ್ತೆ ಮಿತವ್ಯಯ! ಕೊನೆಗೆ ಒಳಗೆ ತಂತಿಯ ಸುರುಳಿಯುಳ್ಳ, ಸಿಲಿಕೋನ್ ಲೇಪಿಸಿದ, ಎರಡೂವರೆ ಅಂಗುಲದ ಗಾಜುನೂಲಿನ ಕೊಳವೆಯನ್ನೇ ಕೊಂಡೆವು.

ಗಾಳಿಯನ್ನು ಎಲ್ಲಿಗೆ ಬಿಡಬೇಕೆಂಬುದೇ ಮುಖ್ಯ. ಬಿಲ್ಲೆಯ ಒಂದು ಮುಖಕ್ಕೆ ಊದಿದರೆ ಆ ಮುಖ ಮಾತ್ರ ಆರಿ, ಇನ್ನೊಂದು ಕಾದೇ ಇದ್ದು, ಬಿಲ್ಲೆ ಸೊಟ್ಟಗಾಗಬಹುದು. ಅವಳ ಗಾಡಿಯ ಬಿಲ್ಲೆ ಎರಡು ಹಾಳೆಗಳ ನಡುವೆ ಸಂದುಗಳುಳ್ಳದ್ದು. ನಡುಗಣ್ಣಿಗೆ ಗಾಳಿ ಕೊಟ್ಟರೆ, ತಿರುಗುವ ಬಿಲ್ಲೆಯೇ ಅದನ್ನು ಸಂದುಗಳ ಮೂಲಕ ಅಂಚಿನತ್ತ ಎಸೆಯುತ್ತದೆ. ಆದುದರಿಂದ ಬಿಲ್ಲೆಯ ಹಿಂದಿನ ಧೂಳುತಗಡನ್ನು ಕತ್ತರಿಸಿ, ನಡುಗಣ್ಣಿಗೆ ಎದುರಾಗಿ ತಗಡಿನ ಮೂತಿಯೊಂದನ್ನು ರಿವೆಟ್ ಹೊಡೆದು ಕೂರಿಸಿದೆ. ಮೊದಲಿಗೆ ರಟ್ಟಿನಲ್ಲಿ ಅಳತೆ ಕತ್ತರಿಸಿದವಳು ನನ್ನಾಕೆ. ರವಿಕೆ ಹೊಲಿದು ಪಳಗಿದ ಕೈ, ಒಂದೇ ಸಲಕ್ಕೆ ಸರಿಹೋಯಿತು. ಕಾವಿನ ಹತ್ತಿರ ಪ್ಲಾಸ್ಟಿಕ್ಕಿನ ಪಟ್ಟಿ ಕರಗುವುದಾದ್ದರಿಂದ ಲೋಹದ ಪಟ್ಟಿಯನ್ನೇ ಬಿಗಿದೆವು. ಚಕ್ರವನ್ನು ಎತ್ತಿಯೂ ಇಳಿಸಿಯೂ, ಎರಡು ಕಡೆಗೂ ಪೂರ್ತಿ ತಿರುಗಿಸಿಯೂ, ಟೈರಿಗಾಗಲಿ ಬ್ರೇಕಿನ ರಬ್ಬರು ಕೊಳವೆಗಾಗಲಿ ಏನೂ ತಾಗದೆಂದು ನೋಡಿಕೊಂಡೆವು.

ಫಲವನ್ನು ತಿಳಿಯಲು ಬಿಲ್ಲೆಯ ಅಂಚಿಗೆ ಕಾವಿನಿಂದ ಬಣ್ಣಗೆಡುವ ಲೇಪನವನ್ನು ಬಳಿದೆವು: ಹಸಿರು 430 ಡಿಗ್ರಿಗೂ ಕಿತ್ತಳೆ 560ಕ್ಕೂ ಬದಲಾಗುವುದು. ಈ ಸಲ ನನ್ನಾಕೆಯೂ ಪಥಕ್ಕೆ ಬಂದಳು. ಮೊದಲ ಸರದಿಗೆ ಕೊಳವೆಯ ಬಾಯಿಗೆ ಪಟ್ಟಿ ಅಂಟಿಸಿ ಮುಚ್ಚಿದ್ದೆವು. ಎರಡು ಬಣ್ಣಗಳೂ ಕೆಟ್ಟವು. ಮತ್ತೆ ಬಣ್ಣ ಬಳಿದು, ಬಾಯಿ ತೆರೆದು ಕಳುಹಿಸಿದಾಗ ಹಸಿರು ಮಾತ್ರ ಕೆಟ್ಟು, ಕಿತ್ತಳೆ ಉಳಿಯಿತು. ಕಡೆಯ ಸುತ್ತನ್ನು ಮಗಳು ಬ್ರೇಕು ತುಳಿಯದೆ ಮೆಲ್ಲಗೆ ಸುತ್ತಿ ಬಂದಳು. ನಿಂತ ಮೇಲೆ ಬ್ರೇಕು ಒತ್ತಿ ಹಿಡಿಯದೆ ಗಾಲಿಗೆ ಕಲ್ಲಿಟ್ಟೆವು. ಕಾದ ಬಿಲ್ಲೆಯನ್ನು ಪ್ಯಾಡು ಒಂದೇ ಕಡೆ ಕಚ್ಚಿ ನಿಲ್ಲಬಾರದು.

ಅಜ್ಜಿಯ ಉಸಿರು ಕೆಂಡಕ್ಕೆ ಉರಿಯಲು ಬೇಕಾದ ಗಾಳಿಯನ್ನು ಕೊಡುತ್ತಿತ್ತು. ಹಾಲಿನಿಂದ ಬಿಸಿಯನ್ನು ಹೊತ್ತುಕೊಂಡು ಹೋಗುತ್ತಿತ್ತು. ಉಸಿರು ಒಂದೇ; ಎಲ್ಲಿಗೆ ಊದುತ್ತೇವೆಂಬುದರ ಮೇಲೆ ಫಲ. ತಾಯಿತಂದೆಗಳ ಮಾತೂ ಹಾಗೆಯೇ ಇರಬೇಕು. ಆ ಸಂಜೆ ಮಗಳು ಲಾರಿಗೆ ಗಾಡಿ ಹತ್ತಿಸುತ್ತಿದ್ದಾಗ ನನ್ನಾಕೆ ಅವಳ ಹತ್ತಿರ ಹೋಗಿ, "ಎಣ್ಣೆ ಬದಲಾಯಿಸುವ ತಾರೀಖನ್ನು ನನಗೆ ಹೇಳು, ನಾನು ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ನಿಮ್ಮಪ್ಪನನ್ನು ನಂಬಬೇಡ" ಎಂದಳು. ನಾನು ತಲೆದೂಗಿದೆ.